ಸಂವಾದಕ್ಕೆ ಐದು ನಿಮಿಷ ಸಾಲದು

ಕಳೆದ ವರ್ಷ ನಮ್ಮ ಕಡೆಯ ಒಂದು ಊರಲ್ಲಿ ಚಿತ್ರಗಳ ಪ್ರದರ್ಶನ ಇತ್ತು. ಊರಿನ ಹೆಸರು ಬೇಡ, ಯಾವ ಊರಲ್ಲಾದರೂ ಹೀಗೇ ಆಗಬಹುದಿತ್ತು. ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ ಹತ್ತೂವರೆ ಅಂತ ಇತ್ತು, ಶುರುವಾಗಿದ್ದು ಹನ್ನೆರಡು ದಾಟಿದ ಮೇಲೆ. ವೇದಿಕೆ ಮೇಲೆ ಹನ್ನೊಂದು ಜನ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಮಾತು, ದೀಪ ಬೆಳಗುವುದು, ಒಬ್ಬೊಬ್ಬರಿಗೂ ಶಾಲು-ಹಾರ, ಒಬ್ಬೊಬ್ಬರದೂ ಭಾಷಣ. ಪತ್ರಿಕೆಯ ಕೊನೇ ಸಾಲಿನಲ್ಲಿದ್ದ ‘ಕಲಾವಿದರೊಂದಿಗೆ ಸಂವಾದ’ ಬಂದಾಗ ಎರಡೂಕಾಲು. ಐದು ನಿಮಿಷ ಇದೆ, ಯಾರಾದರೂ ಕೇಳಬಹುದು ಅಂದರು.

ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತರು. ಜೀನ್ಸ್ ಘಟಕದಲ್ಲಿ ದಾರ ಕತ್ತರಿಸುವ ಕೆಲಸ ಅವರದು ಅಂತ ಆಮೇಲೆ ಗೊತ್ತಾಯಿತು. ಮಗಳಿಗೆ ಡ್ರಾಯಿಂಗ್ ಸ್ಪರ್ಧೆಯಲ್ಲಿ ಬಹುಮಾನ ಬಂದಿತ್ತು, ಅವಳ ಜೊತೆ ಬಂದಿದ್ದರು. ಗೋಡೆ ಮೇಲಿನ ದೊಡ್ಡ ಚಿತ್ರ ತೋರಿಸಿ ಕೇಳಿದರು: “ಸಾರ್, ಈ ಚಿತ್ರದಾಗ ನೀರು ನೀಲಿ ಐತಲ್ರೀ, ಅದು ಹೊಳಿ ನೀರಾ, ಇಲ್ಲಾ ನಮ್ಮ ಜೀನ್ಸ್ ತೊಳಿಯೋ ನೀರಾ?”

ಕಲಾವಿದರ ಮುಖ ಅರಳಿತು. ಮೈಕಿಗೆ ಕೈ ಚಾಚಿದರು. ಅಷ್ಟರಲ್ಲಿ ನಿರೂಪಕರು, “ಅಮ್ಮಾ, ಟೈಮ್ ಆಯ್ತು, ಊಟ ಆರುತ್ತೆ, ಅಲ್ಲೇ ಮಾತಾಡೋಣ” ಅಂದರು. ವಂದನಾರ್ಪಣೆ ಮುಗಿಯಿತು. ಊಟದ ಹತ್ತಿರ ಕಲಾವಿದರು ಆ ತಾಯಿಯನ್ನು ಹುಡುಕಿದರು. ಅವರು ಹೋಗಿಬಿಟ್ಟಿದ್ದರು. ಎರಡನೇ ಪಾಳಿ ಕೆಲಸ ಇತ್ತಂತೆ.

ಆ ಇಡೀ ದಿನದಲ್ಲಿ ಚಿತ್ರದ ಬಗ್ಗೆ ಬಂದ ಒಂದೇ ಒಂದು ನಿಜವಾದ ಮಾತು ಅದು. ಅದಕ್ಕೆ ಉತ್ತರ ಸಿಗಲಿಲ್ಲ. ಅವತ್ತಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಜಿಲ್ಲೆಗಳಿಗೆ ಕಲಾ ಸಂಗ್ರಹಾಲಯಗಳು, ಕಲಾ ಕೇಂದ್ರಗಳು ಬರುತ್ತಿರುವ ಹೊತ್ತಿನಲ್ಲಿ ಇದನ್ನು ಬಿಡಿಸಿ ನೋಡಲೇಬೇಕು ಅನ್ನಿಸುತ್ತೆ.

ಈಗ ಯಾಕೆ ಈ ಮಾತು

2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಹಂಪಿ ಅದರ ಜೊತೆ ಹೋಯಿತು. ಅಲ್ಲಿಯವರೆಗೆ ಬಳ್ಳಾರಿ ಅಂದರೆ ಹೊರಗಿನವರಿಗೆ ಎರಡೇ ಚಿತ್ರ: ಒಂದು ಹಂಪಿ, ಇನ್ನೊಂದು ಗಣಿ. ಹಂಪಿ ಹೋದ ಮೇಲೆ ನಮ್ಮದು ಅಂತ ಏನಿದೆ ಅನ್ನುವ ಪ್ರಶ್ನೆ ಬಳ್ಳಾರಿಯಲ್ಲಿ ಜೋರಾಗಿಯೇ ಎದ್ದಿತು. ಉತ್ತರ ಹುಡುಕಿದರೆ ಕಡಿಮೆ ಏನೂ ಇಲ್ಲ. ನಗರದಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯ ಇದೆ. ಪುರಾತತ್ವ ತಜ್ಞ ರವಿ ಕೋರಿಶೆಟ್ಟರ್ ಅವರ ವರ್ಷಗಳ ದುಡಿಮೆ ಅದರ ಹಿಂದಿದೆ. ನಗರದಿಂದ ಸುಮಾರು 30 ಕಿಲೋಮೀಟರ್ ದೂರದ ತೋರಣಗಲ್ಲಿನ ವಿದ್ಯಾನಗರದಲ್ಲಿ 2024ರ ಫೆಬ್ರುವರಿಯಲ್ಲಿ ‘ಹಂಪಿ ಆರ್ಟ್ ಲ್ಯಾಬ್ಸ್’ ಬಾಗಿಲು ತೆರೆಯಿತು. ಉಕ್ಕಿನ ಕಂಪನಿ ಜೆಎಸ್‌ಡಬ್ಲ್ಯೂನ ಪ್ರತಿಷ್ಠಾನ ಕಟ್ಟಿದ್ದು, ವಿನ್ಯಾಸ ವಾಸ್ತುಶಿಲ್ಪಿ ಸಮೀಪ್ ಪಡೋರಾ ಅವರದು. ಪ್ರದರ್ಶನದ ಹಾಲ್‌ಗಳ ಜೊತೆಗೆ ಮುದ್ರಣ ಕಲೆ, ಮಣ್ಣಿನ ಕೆಲಸ, ಶಿಲ್ಪಕ್ಕೆ ಅಂತ ಸ್ಟುಡಿಯೊಗಳಿವೆ. ಕಲಾವಿದರು ಬಂದು ಅಲ್ಲೇ ಉಳಿದು ಕೆಲಸ ಮಾಡಬಹುದು. ಸಮಕಾಲೀನ ಕಲೆಗೆ ಇಷ್ಟು ದೊಡ್ಡ ಜಾಗ ಬೆಂಗಳೂರು ಬಿಟ್ಟು ಇಷ್ಟು ದೂರ, ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ಬಂದಿದೆ ಅನ್ನೋದು ಸಣ್ಣ ಮಾತಲ್ಲ.

ಇನ್ನೊಂದು ಕಡೆ ಸರ್ಕಾರದ ಹಣ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ತಿದ್ದುಪಡಿಯಾದ ಮೇಲೆ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಗೆ ಅನುದಾನ ಏರುತ್ತಾ ಬಂದಿದೆ. 2024-25ರ ಬಜೆಟ್‌ನಲ್ಲಿ ಘೋಷಿಸಿದ್ದು 5,000 ಕೋಟಿ ರೂಪಾಯಿ. ರಸ್ತೆ, ಶಾಲೆ, ಆಸ್ಪತ್ರೆ ಮೊದಲು ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ರಂಗಮಂದಿರ, ಕಲಾ ಭವನ ಅಂತ ಕಟ್ಟಡಗಳೂ ಎದ್ದೇಳುತ್ತವೆ. ಕಟ್ಟಡ ಎದ್ದ ಮೇಲೆ ಒಳಗೆ ಏನು ನಡೆಯಬೇಕು ಅನ್ನೋದನ್ನು ಯಾರು ಯೋಚಿಸುತ್ತಾರೆ?

ಹಳೆಯ ಸಂಗ್ರಹಾಲಯಕ್ಕೂ ಸಮಕಾಲೀನ ಕಲೆಯ ಸಂಗ್ರಹಾಲಯಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಸಂಗನಕಲ್ಲಿನ ಕಲ್ಲುಕೊಡಲಿ ಮುಂದೆ ನಿಂತರೆ ಮೂರು ಸಾಲಿನ ಫಲಕ ಸಾಕು: ಇದು ಏನು, ಎಲ್ಲಿ ಸಿಕ್ಕಿತು, ಎಷ್ಟು ಹಳೆಯದು. ಈಗ ಬದುಕಿರುವ ಕಲಾವಿದೆ ಒಬ್ಬಳು ತುಕ್ಕು ಹಿಡಿದ ಕಬ್ಬಿಣದ ತಗಡುಗಳನ್ನು ಸಾಲಾಗಿ ನಿಲ್ಲಿಸಿ, ಹಿಂದಿನಿಂದ ಲಾರಿ ಓಡುವ ಸದ್ದು ಬಿಟ್ಟಿದ್ದರೆ ಫಲಕ ಸಾಲದು. ಅದರ ಅರ್ಥ ಇನ್ನೂ ತೀರ್ಮಾನ ಆಗಿಲ್ಲ. ನೋಡಿದವರು ಮಾತಾಡಿದಾಗಲೇ ಅದು ಪೂರ್ತಿಯಾಗೋದು. ಲಾರಿ ಓಡಿಸುವವನಿಗೆ ಅದು ಒಂದು ತರಹ ಕೇಳಿಸುತ್ತೆ, ದೂಳು ಕುಡಿದ ಊರಿನವರಿಗೆ ಇನ್ನೊಂದು ತರಹ. ಹಾಗಾಗಿ ಇಂಥ ಜಾಗದಲ್ಲಿ ಮಾತುಕತೆ ಅನ್ನೋದು ಊಟದ ಕೊನೆಯ ಎಲೆ-ಅಡಿಕೆ ಅಲ್ಲ, ಅದು ಅನ್ನವೇ.

ಸಂಗ್ರಹಾಲಯ ಅಂದರೆ ಏನು ಅಂತ ಜಗಳ

ಈ ವಿಷಯದಲ್ಲಿ ಜಗತ್ತಿನ ಸಂಗ್ರಹಾಲಯಗಳೇ ಒಂದು ದೊಡ್ಡ ಜಗಳ ಆಡಿವೆ. ಅಂತರರಾಷ್ಟ್ರೀಯ ಸಂಗ್ರಹಾಲಯ ಮಂಡಳಿ, ಅಂದರೆ ಐಕಾಮ್, 2019ರಲ್ಲಿ ಜಪಾನಿನ ಕ್ಯೋಟೊದಲ್ಲಿ ಸೇರಿತ್ತು. ಸಂಗ್ರಹಾಲಯ ಎಂದರೆ ಏನು ಅನ್ನುವುದಕ್ಕೆ ಹೊಸ ವ್ಯಾಖ್ಯೆಯೊಂದು ಸಭೆಯ ಮುಂದೆ ಬಂತು. ಅದರಲ್ಲಿ ಸಂಗ್ರಹಾಲಯವನ್ನು ಹಲವು ದನಿಗಳ ಜಾಗ, ಹಿಂದಿನದ್ದರ ಬಗ್ಗೆ ಮತ್ತು ಮುಂದಿನದ್ದರ ಬಗ್ಗೆ ವಿಮರ್ಶೆಯ ಸಂವಾದ ನಡೆಯುವ ಜಾಗ ಅಂತ ಕರೆದಿದ್ದರು. ಸಭೆ ಎರಡಾಯಿತು. ಇದು ವ್ಯಾಖ್ಯೆ ಅಲ್ಲ, ಘೋಷಣೆ ಅಂತ ಹಲವರು ತಕರಾರು ತೆಗೆದರು. ಶೇ 70ಕ್ಕೂ ಹೆಚ್ಚು ಮತಗಳು ಮುಂದೂಡುವ ಪರವಾಗಿ ಬಿದ್ದವು. ಮೂರು ವರ್ಷ ಚರ್ಚೆ ನಡೆದು, 2022ರ ಆಗಸ್ಟ್‌ನಲ್ಲಿ ಪ್ರಾಗ್‌ನಲ್ಲಿ ಬೇರೆ ವ್ಯಾಖ್ಯೆ ಶೇ 92ಕ್ಕಿಂತ ಹೆಚ್ಚು ಮತಗಳಿಂದ ಪಾಸಾಯಿತು. ಎಲ್ಲರಿಗೂ ತೆರೆದಿರಬೇಕು, ಸಮುದಾಯಗಳನ್ನು ಜೊತೆಗಿಟ್ಟುಕೊಂಡು ನಡೆಯಬೇಕು, ಕಲಿಕೆ, ಸಂತೋಷ, ಚಿಂತನೆಗೆ ಅವಕಾಶ ಕೊಡಬೇಕು ಅಂತ ಅದರಲ್ಲಿದೆ. ‘ವಿಮರ್ಶೆಯ ಸಂವಾದ’ ಅನ್ನುವ ಮಾತು ಮಾತ್ರ ಬಿದ್ದುಹೋಯಿತು.

ಕ್ಯೋಟೊದ ವಾಕ್ಯ ತುಂಬ ಉದ್ದ ಇತ್ತು, ಭಾರ ಇತ್ತು, ಒಪ್ಪುತ್ತೇನೆ. ಆದರೂ ಆ ಎರಡು ಪದ ಉಳಿಯಬೇಕಿತ್ತು ಅಂತ ನನ್ನ ಅಭಿಪ್ರಾಯ. ಚಿಂತನೆ ಒಬ್ಬರೇ ಕೂತು ಮಾಡಬಹುದು. ಸಂವಾದಕ್ಕೆ ಎದುರಿಗೆ ಇನ್ನೊಬ್ಬರು ಬೇಕು, ಆ ಇನ್ನೊಬ್ಬರಿಗೆ ಒಪ್ಪದೇ ಇರುವ ಹಕ್ಕು ಬೇಕು.

ಕನ್ನಡಕ್ಕೆ ಇದು ಹೊಸದೇನಲ್ಲ, ಅಲ್ವಾ? ಹೆಗ್ಗೋಡಿನ ನೀನಾಸಂ ನೋಡಿ. ಸಾಗರದ ಹತ್ತಿರದ ಸಣ್ಣ ಹಳ್ಳಿ. ಕೆ.ವಿ. ಸುಬ್ಬಣ್ಣನವರು ಕಟ್ಟಿದ ಆ ಸಂಸ್ಥೆಯ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡಿದರೆ ಮಾರನೇ ದಿನ ಅದರ ಬಗ್ಗೆ ಕೂತು ಮಾತಾಡುತ್ತಾರೆ. ಮಾತಿಗೆ ನಾಟಕದಷ್ಟೇ ಮರ್ಯಾದೆ. ನಿರ್ದೇಶಕರ ಎದುರೇ ಕಾಲೇಜು ಹುಡುಗಿಯೊಬ್ಬಳು “ಎರಡನೇ ಅಂಕ ನನಗೆ ಹಿಡಿಸಲಿಲ್ಲ” ಅನ್ನಬಹುದು. ಅದರಿಂದ ಯಾರಿಗೂ ಅವಮಾನ ಆಗುವುದಿಲ್ಲ. ಅವರ ನಾಟಕ ತಂಡ ‘ನೀನಾಸಂ ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ನಾಟಕ ಮುಗಿದ ಮೇಲೆ ರಂಗಮಂದಿರದ ಮೆಟ್ಟಿಲ ಮೇಲೆ, ಮಿರ್ಚಿ-ಮಂಡಕ್ಕಿ ಅಂಗಡಿ ಮುಂದೆ ಹನ್ನೊಂದು ಗಂಟೆವರೆಗೂ ವಾದ ಮಾಡಿದವರು ನಮ್ಮ ಊರುಗಳಲ್ಲೂ ಇದ್ದಾರೆ. ನಾಟಕಕ್ಕೆ ಇರುವ ಈ ಅಭ್ಯಾಸ ಚಿತ್ರಕ್ಕೆ ಯಾಕೆ ಬಂದಿಲ್ಲ?

ಒಂದು ಕಾರಣ ಭಾಷೆ. ನಾಟಕ ಕನ್ನಡದಲ್ಲೇ ಇರುತ್ತೆ. ಸಮಕಾಲೀನ ಕಲೆಯ ಫಲಕ ಇಂಗ್ಲಿಷಿನಲ್ಲಿ ಇರುತ್ತೆ. ಕನ್ನಡ ಇದ್ದರೂ ಇಂಗ್ಲಿಷನ್ನು ಪದಕ್ಕೆ ಪದ ಇಳಿಸಿದ ಕನ್ನಡ. ‘ಪ್ರತಿಷ್ಠಾಪನಾ ಕಲೆ’ ಅಂತ ಬರೆದರೆ ನಮ್ಮೂರಿನವರಿಗೆ ಗಣೇಶನ ನೆನಪು ಬರುತ್ತೆ, ತಪ್ಪು ಅವರದಲ್ಲ. “ಕಲಾವಿದೆ ಈ ಕೋಣೆ ತುಂಬ ಹಳೇ ಬಾಗಿಲು ಜೋಡಿಸಿದ್ದಾರೆ, ನೀವು ಮಧ್ಯೆ ನಡೆದು ಹೋಗಬಹುದು” ಅಂತ ಬರೆದರೆ ಸಾಕಲ್ಲ. ಬರೆಯುವವರಿಗೆ ಸಮಯ ಕೊಡಬೇಕು, ದುಡ್ಡು ಕೊಡಬೇಕು. ಉದ್ಘಾಟನೆಯ ಹಿಂದಿನ ರಾತ್ರಿ ಯಾರಿಗೋ ಫೋನ್ ಮಾಡಿ, “ಸ್ವಲ್ಪ ಕನ್ನಡ ಮಾಡಿಕೊಡಿ ಸಾರ್” ಅಂದರೆ ಬರುವ ಕನ್ನಡ ಹಾಗೇ ಇರುತ್ತೆ.

ಹಣ ಯಾರದು ಅಂತ ಕೇಳಬಹುದಾ

ಎರಡನೇ ಕಾರಣ ಭಯ. ಪ್ರಶ್ನೆ ಕೇಳಿದರೆ ಹಣ ಕೊಟ್ಟವರು ಏನಂದುಕೊಳ್ಳುತ್ತಾರೋ ಅನ್ನುವ ಭಯ. ಇದು ನಮ್ಮ ಕಡೆ ಮಾತ್ರ ಇರುವಂಥದ್ದಲ್ಲ. ಲಂಡನ್ನಿನ ಟೇಟ್ ಸಂಗ್ರಹಾಲಯಕ್ಕೆ ಬಿಪಿ ಅನ್ನುವ ತೈಲ ಕಂಪನಿ 26 ವರ್ಷ ಹಣ ಕೊಟ್ಟಿತ್ತು. ಕಲಾವಿದರು ಸಂಗ್ರಹಾಲಯದ ಒಳಗೇ ಪ್ರತಿಭಟನೆ ಮಾಡಿದರು, 2017ಕ್ಕೆ ಆ ನಂಟು ಮುಗಿಯಿತು. ಅಮೆರಿಕದಲ್ಲಿ ನೋವಿನ ಮಾತ್ರೆಯ ಚಟಕ್ಕೆ ಬಿದ್ದು ಲಕ್ಷಾಂತರ ಜನ ಸತ್ತರು. ಅಂಥ ಒಂದು ಮಾತ್ರೆ ಮಾರಿದ ಕಂಪನಿ ಸ್ಯಾಕ್ಲರ್ ಕುಟುಂಬದವರದು, ಅದೇ ಕುಟುಂಬದ ಹೆಸರು ದೊಡ್ಡ ದೊಡ್ಡ ಸಂಗ್ರಹಾಲಯಗಳ ಗೋಡೆ ಮೇಲಿತ್ತು. ಛಾಯಾಗ್ರಾಹಕಿ ನ್ಯಾನ್ ಗೋಲ್ಡಿನ್ 2018ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ಒಳಗೆ ಮಾತ್ರೆ ಡಬ್ಬಿಗಳನ್ನು ನೀರಿಗೆ ಎಸೆದು ಪ್ರತಿಭಟಿಸಿದರು. 2019ರಲ್ಲಿ ಪ್ಯಾರಿಸ್‌ನ ಲೂವ್ರ್, 2021ರಲ್ಲಿ ಮೆಟ್ರೊಪಾಲಿಟನ್ ಆ ಹೆಸರು ತೆಗೆದವು. ಸಂಗ್ರಹಾಲಯಗಳು ಮುಳುಗಲಿಲ್ಲ. ಜನ ಇವತ್ತಿಗೂ ಸಾಲುಗಟ್ಟಿ ಹೋಗುತ್ತಾರೆ.

ಕರ್ನಾಟಕದಲ್ಲೇ ಇನ್ನೂ ಹತ್ತಿರದ ಉದಾಹರಣೆ ಇದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಪ್ರವಾಸೋದ್ಯಮ ಇಲಾಖೆಯ ದತ್ತು ಯೋಜನೆಯಲ್ಲಿ ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಒಪ್ಪಂದ 2015ರಲ್ಲಿ ಆಯಿತು. ಸಾರ್ವಜನಿಕ ಗ್ಯಾಲರಿ ಸಾರ್ವಜನಿಕವಾಗಿಯೇ ಇರಲಿ ಅಂತ ಕಲಾವಿದರು 2016ರಲ್ಲಿ ಗ್ಯಾಲರಿ ಮುಂದೆ ಸೇರಿದರು. ಪರ-ವಿರೋಧ ಬರಹಗಳು ಪತ್ರಿಕೆ ತುಂಬ ಬಂದವು. ಆ ಒಪ್ಪಂದ ಮುಂದೆ ಹೋಗಲಿಲ್ಲ. ಪ್ರತಿಷ್ಠಾನದ ಹಿಂದಿದ್ದ ಅಭಿಷೇಕ್ ಪೊದ್ದಾರ್ ಅದೇ ರಸ್ತೆಯಲ್ಲಿ ಬೇರೆ ಜಾಗದಲ್ಲಿ ‘ಮ್ಯಾಪ್’ ಸಂಗ್ರಹಾಲಯ ಕಟ್ಟಿದರು, 2023ರ ಫೆಬ್ರುವರಿಯಲ್ಲಿ ಅದು ತೆರೆಯಿತು. ಜಗಳ ಆಗಿದ್ದಕ್ಕೆ ನಷ್ಟ ಯಾರಿಗಾಯಿತು? ಊರಿಗೆ ಹಳೆಯದೂ ಉಳಿಯಿತು, ಹೊಸದೂ ಬಂತು. ಆ ವರ್ಷ ಕಲಾವಿದರು ಸುಮ್ನೆ ಕೂತಿದ್ದರೆ ಹೀಗಾಗುತ್ತಿರಲಿಲ್ಲ.

ಈಗ ಬಳ್ಳಾರಿಗೆ ಬನ್ನಿ. 2011ರಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಆ ಕಾಲದ ಕೆಂಪು ದೂಳು ನಮ್ಮ ತಲೆಮಾರಿನ ಎಲ್ಲರ ನೆನಪಿನಲ್ಲಿದೆ. ಒಗೆದು ಹಾಕಿದ ಬಿಳಿ ಬಟ್ಟೆ ಸಂಜೆಗೆ ಕೆಂಪಾಗುತ್ತಿತ್ತು. ಗಣಿ ನಿಂತಾಗ ಲಾರಿ ಸಾಲ ಕಟ್ಟಲಾಗದೆ ಕುಸಿದ ಮನೆಗಳೂ ಅದೇ ನೆನಪಿನಲ್ಲಿವೆ. ಇಂಥ ನೆಲದಲ್ಲಿ ಅದಿರು ಮತ್ತು ಉಕ್ಕಿನ ಹಣದಿಂದ ಕಲೆಗೆ ಮನೆ ಎದ್ದಿದೆ. ನಾನು ಇದನ್ನು ತಪ್ಪು ಅನ್ನುವುದಿಲ್ಲ. ಖಾಸಗಿ ಹಣ ಬರದಿದ್ದರೆ ಆ ಸ್ಟುಡಿಯೊಗಳು ಬರುತ್ತಿರಲಿಲ್ಲ. ನಮ್ಮ ಹುಡುಗರು ಚಿತ್ರ ಅಚ್ಚು ಹಾಕುವ ಎಚ್ಚಿಂಗ್ ಪ್ರೆಸ್ ನೋಡಲು ವಡೋದರಕ್ಕೆ ಹೋಗಬೇಕಾಗಿಲ್ಲ ಅನ್ನೋದು ದೊಡ್ಡ ಲಾಭ. ನಾನು ಕೇಳುವುದು ಇಷ್ಟೇ: ಕೆಂಪು ದೂಳಿನ ಬಗ್ಗೆ, ನಿಂತ ಲಾರಿಗಳ ಬಗ್ಗೆ, ಹೋದ ಕಾಡಿನ ಬಗ್ಗೆ ಒಂದು ಪ್ರದರ್ಶನ ಮತ್ತು ಮೂರು ದಿನದ ಮಾತುಕತೆ ಈ ನೆಲದ ಕಲಾ ಕೇಂದ್ರಗಳಲ್ಲೇ ನಡೆಯಲಿ. ಸಂಡೂರಿನ ರೈತ, ಗಣಿ ಕಾರ್ಮಿಕ, ಕಂಪನಿಯ ಎಂಜಿನಿಯರ್ ಒಂದೇ ಸಾಲಿನಲ್ಲಿ ಕೂರಲಿ. ಇದಕ್ಕೆ ಇಲ್ಲಿಗಿಂತ ಒಳ್ಳೆಯ ಜಾಗ ಇಡೀ ದೇಶದಲ್ಲಿ ಇಲ್ಲ. ಹಣ ಕೊಟ್ಟವರ ದೊಡ್ಡತನ ಕಾಣುವುದೂ ಅಲ್ಲೇ.

ಸರ್ಕಾರದ ಹಣ ಅಂದ ಮಾತ್ರಕ್ಕೆ ಈ ಭಯ ಹೋಗುವುದಿಲ್ಲ. ಅಲ್ಲಿ ಅಧಿಕಾರಿಗಳ ಮುಖ, ಶಾಸಕರ ಮುಖ ನೋಡಬೇಕು. ಗಲಾಟೆಯ ಭಯ ಬೇರೆ. 2007ರಲ್ಲಿ ವಡೋದರದ ವಿಶ್ವವಿದ್ಯಾಲಯದ ಕಲಾ ವಿಭಾಗದಲ್ಲಿ ಪರೀಕ್ಷೆಗೆ ಅಂತ ಇಟ್ಟಿದ್ದ ಚಿತ್ರಗಳ ಮೇಲೆ ಗಲಾಟೆಯಾಗಿ, ವಿದ್ಯಾರ್ಥಿಯೇ ಬಂಧನವಾದ. ಅಂಥದ್ದನ್ನು ನೋಡಿದ ಮೇಲೆ ಸಂಘಟಕರು ಹೂವು, ಹಕ್ಕಿ, ಹಂಪಿಯ ರಥ ಸಾಕು ಅಂದುಕೊಂಡರೆ ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೆ ಮಾತಿಗೆ ಜಾಗ ಇಲ್ಲದ ಕಡೆಯೇ ಗಲಾಟೆ ಜಾಸ್ತಿ. ಸಿಟ್ಟು ಬಂದವರಿಗೆ ಕುರ್ಚಿ ಕೊಟ್ಟು ಕೂರಿಸಿ, “ಏನು ನೋವಾಯಿತು ಹೇಳಿ” ಅನ್ನುವ ಅಭ್ಯಾಸ ಇದ್ದರೆ ಅರ್ಧ ಬಿಸಿ ಅಲ್ಲೇ ಇಳಿಯುತ್ತೆ. ಇದನ್ನು ಕಲಿಯಲು ವರ್ಷಗಳು ಬೇಕು.

ಪರದೆ ಹಿಂದಿನ ಕಿಳ್ಳೇಕ್ಯಾತ

ಇಲ್ಲಿ ನಮ್ಮದೇ ಒಂದು ಪಾಠ ಇದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಜೀವನವಿಡೀ ತೊಗಲು ಗೊಂಬೆ ಆಡಿಸಿದ ಅಜ್ಜಿ. ತೊಗಲು ಗೊಂಬೆಯಾಟದಲ್ಲಿ ರಾಮಾಯಣವೋ ಭಾರತವೋ ನಡೆಯುತ್ತಿರುವಾಗ ಮಧ್ಯೆ ಕಿಳ್ಳೇಕ್ಯಾತ, ಬಂಗಾರಕ್ಕ ಬರುತ್ತಾರೆ. ಹೊಟ್ಟೆ ಮುಂದೆ ಬಂದಿರುವ ಆ ಕ್ಯಾತ ರಾಮನ ಕತೆ ನಿಲ್ಲಿಸಿ ಊರಿನ ಮಾತಾಡುತ್ತಾನೆ. ಕೆರೆ ಹೂಳು, ಸಾಲ, ಗೌಡರ ಮನೆ ಸುದ್ದಿ, ಹೆಂಡ. ಊರಿನವರು ನಗುತ್ತಲೇ ತಮ್ಮ ತಪ್ಪು ಕೇಳಿಸಿಕೊಳ್ಳುತ್ತಾರೆ. ಟೀಕೆ ಇಲ್ಲಿ ಕಲೆಯ ಒಳಗೇ ಇದೆ. ಅದಕ್ಕೆ ಪ್ರತ್ಯೇಕ ಐದು ನಿಮಿಷ ಇಟ್ಟಿಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ಕಲೆಯನ್ನು ಗಾಂಧಿ ಕತೆಗೂ ತಂದರು. 2023ರಲ್ಲಿ ರಸ್ತೆ ಅಪಘಾತದಲ್ಲಿ ಅವರು ಹೋದರು. ತೊಗಲು ಗೊಂಬೆ ಹಳೇ ಕಲೆಯಾ, ಸಮಕಾಲೀನ ಕಲೆಯಾ ಅಂತ ಅವರನ್ನೇ ಕೂರಿಸಿ ಒಂದು ದಿನ ಚರ್ಚೆ ಮಾಡಬಹುದಿತ್ತು.

ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ನಮ್ಮ ಕಡೆ ಕಲಾ ಉತ್ಸವ ಅಂದರೆ ಒಳಗೆ ಹವಾನಿಯಂತ್ರಿತ ಹಾಲ್‌ನಲ್ಲಿ ‘ಕಲೆ’, ಹೊರಗೆ ಶಾಮಿಯಾನದಲ್ಲಿ ‘ಕರಕುಶಲ ಮಳಿಗೆ’. ಮರದ ಗೊಂಬೆ ಮಾಡುವ ಕೊಪ್ಪಳ ಜಿಲ್ಲೆ ಕಿನ್ನಾಳದ ಚಿತ್ರಗಾರರು ಹೊರಗೆ. ಅವರ ಕೆಲಸ ಒಮ್ಮೆ ಹತ್ತಿರದಿಂದ ನೋಡಿ. ಹಗುರ ಮರ ಕೆತ್ತಿ, ಸಣಬಿನ ಚಿಂದಿಯ ಪುಡಿಗೆ ಹುಣಸೆ ಬೀಜದ ಅಂಟು ಕಲಸಿ ‘ಕಿಟ್ಟ’ ಮಾಡುತ್ತಾರೆ. ಅದರಿಂದ ಸಂದು ಮುಚ್ಚುತ್ತಾರೆ. ಕಲ್ಲಿನ ಪುಡಿಯ ಅಂಟಿನಿಂದ ಒಡವೆಗಳನ್ನು ಉಬ್ಬಿಸುತ್ತಾರೆ. ತವರದಿಂದ ಮಾಡುವ ಹೊಳೆಯುವ ಬಣ್ಣಕ್ಕೆ ‘ಲಾಜವಾರ’ ಅನ್ನುತ್ತಾರೆ. ಒಂದು ಗರುಡನ ಮೂಗು ನೆಟ್ಟಗಾಗುವ ತನಕ ಬೆರಳಿನ ಬದಿಯಿಂದ ಉಜ್ಜುತ್ತಲೇ ಇರುತ್ತಾರೆ. ಇದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಸಂಡೂರಿನ ಲಂಬಾಣಿ ಕಸೂತಿಗೂ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ಆದಾಗ ಸಂಡೂರಿನ ಹೆಣ್ಣುಮಕ್ಕಳ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಸಂತೋಷವೇ. ಆದರೆ ಸುದ್ದಿಯಲ್ಲಿ ಉಳಿದಿದ್ದು ಆ ಸಂಖ್ಯೆ. ಕನ್ನಡಿ ಯಾಕೆ ಹೀಗೆ ಕೂರಿಸುತ್ತೀರಿ, ನಿಮ್ಮ ಅಜ್ಜಿ ಹಾಕುತ್ತಿದ್ದ ಯಾವ ಹೊಲಿಗೆ ಈಗ ಯಾರೂ ಹಾಕುತ್ತಿಲ್ಲ, ಕೊಳ್ಳುವವರಿಗಾಗಿ ಬಣ್ಣ ಬದಲಾಯಿಸಿದಾಗ ನಿಮಗೆ ಏನನ್ನಿಸಿತು ಅಂತ ಮೈಕ್ ಕೊಟ್ಟು ಕೇಳುವ ಜಾಗ ಬೇಕು. ಆ ಮಾತುಗಳು ಬಂದ ದಿನ ‘ಕಲೆ’ ಮತ್ತು ‘ಕರಕುಶಲ’ದ ನಡುವಿನ ಗೋಡೆಯ ಬಗ್ಗೆ ನಿಜವಾದ ಚರ್ಚೆ ಶುರುವಾಗುತ್ತೆ.

ರಾಯಚೂರು ಕೋಟೆಯ ಗೋಡೆಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಕಲ್ಲಿದೆ. ಸುಮಾರು 41 ಅಡಿ ಉದ್ದದ ಒಂದೇ ಚಪ್ಪಡಿ. 1294ರ ಶಾಸನ ಅದರ ಮೇಲಿದೆ. ಪಕ್ಕದಲ್ಲಿ ಗೆರೆಗಳಲ್ಲಿ ಒಂದು ಚಿತ್ರ: ಅಷ್ಟು ದೊಡ್ಡ ಕಲ್ಲನ್ನು ಬಂಡಿ ಮೇಲೆ ಹೇರಿ, ಕೋಣಗಳ ಸಾಲು ಕಟ್ಟಿ ಎಳೆದು ತಂದ ಚಿತ್ರ. ಕೋಟೆ ಕಟ್ಟಿಸಿದವರ ಹೆಸರು ಅಕ್ಷರದಲ್ಲಿದೆ, ಕಲ್ಲು ತಂದವರ ಶ್ರಮ ಚಿತ್ರದಲ್ಲಿದೆ. ಕೆಲಸವೇ ತನ್ನ ಹಿಂದಿನ ದುಡಿಮೆಯನ್ನು ತೋರಿಸುವುದು ಇವತ್ತಿನ ಕಲಾವಿದರು ತುಂಬ ಮಾಡುವ ಕೆಲಸ. 700 ವರ್ಷ ಹಿಂದೆ ನಮ್ಮ ರಾಯಚೂರಿನಲ್ಲಿ ಒಬ್ಬ ಕಲ್ಲುಕುಟಿಗ ಮಾಡಿದ್ದಾನೆ. ಸಮಕಾಲೀನ ಕಲೆಯ ತರಗತಿಯನ್ನು ಆ ಗೋಡೆ ಮುಂದೆ ಶುರು ಮಾಡಿದರೆ ಯಾವ ಮಗುವಿಗೂ ಅರ್ಥವಾಗದೇ ಇರುವುದಿಲ್ಲ.

ಹಾಗೇ ಸಂಗನಕಲ್ಲಿನ ಹಿರೇಗುಡ್ಡ. ಅಲ್ಲಿ ನವಶಿಲಾಯುಗದವರು ಕುಟ್ಟಿ ಬಿಡಿಸಿದ ಎತ್ತುಗಳ ಚಿತ್ರಗಳಿವೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ಠಣ್ ಅನ್ನುತ್ತವೆ. ಚಿತ್ರ, ಸಂಗೀತ, ಸಭೆ ಮೂರೂ ಒಂದೇ ಗುಡ್ಡದಲ್ಲಿ. ಆ ಗುಡ್ಡವನ್ನು ಕಲ್ಲು ಕ್ವಾರಿ ತಿನ್ನುತ್ತಿದೆ ಅಂತ ಪುರಾತತ್ವ ತಜ್ಞೆ ನಿಕೋಲ್ ಬೋವಿನ್ 2004ರಲ್ಲೇ ಬರೆದಿದ್ದರು. ಕ್ವಾರಿ ಅಂದರೆ ಎಷ್ಟೋ ಮನೆಗಳ ಊಟ ಕೂಡ. ಇದರ ಬಗ್ಗೆ ಸಂಗ್ರಹಾಲಯದಲ್ಲಿ ಒಂದು ಸಂಜೆ ಇಟ್ಟು ಕಲ್ಲು ಒಡೆಯುವವರನ್ನೂ ಕರೆದರೆ, ಅದು ಗಾಜಿನ ಪೆಟ್ಟಿಗೆ ಮುಂದಿನ ಹತ್ತು ಉಪನ್ಯಾಸಕ್ಕಿಂತ ಹೆಚ್ಚಿನ ಕೆಲಸ.

ಏನು ಮಾಡಬಹುದು

ದೊಡ್ಡ ಸಂಗ್ರಹಾಲಯಗಳಲ್ಲಿ ಸಾರ್ವಜನಿಕ ಕಾರ್ಯಕ್ರಮಕ್ಕೆ ಅಂತ ಬೇರೆ ವಿಭಾಗ ಇರುತ್ತೆ. ಪ್ರದರ್ಶನಕ್ಕೆ ತಿಂಗಳುಗಳ ಮುಂಚೆ ಕೆಲಸ ಶುರು. ಯಾವ ಶಾಲೆ, ಯಾವ ಓಣಿ, ಯಾವ ಕಾರ್ಖಾನೆಯವರು ಬರಬೇಕು ಅಂತ ಯೋಚಿಸುತ್ತಾರೆ. ಮೇಷ್ಟ್ರುಗಳಿಗೆ ಮೊದಲೇ ಒಂದು ದಿನ ತೋರಿಸುತ್ತಾರೆ. ನೋಡುವವರ ಜೊತೆ ನಡೆಯುವ ಹುಡುಗ-ಹುಡುಗಿಯರಿಗೆ ತರಬೇತಿ ಕೊಡುತ್ತಾರೆ. ಅವರು ವಿವರಣೆ ಒಪ್ಪಿಸುವುದಿಲ್ಲ, “ನಿಮಗೆ ಏನು ಕಾಣುತ್ತೆ?” ಅಂತ ಕೇಳುತ್ತಾರೆ. ಕೊಚ್ಚಿಯಲ್ಲಿ 2012ರ ಡಿಸೆಂಬರ್ 12ಕ್ಕೆ ಶುರುವಾದ ಬಿಯೆನ್ನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನ, ಬರೀ ದೊಡ್ಡ ಹೆಸರುಗಳ ಪ್ರದರ್ಶನ ಆಗಿ ಉಳಿಯಲಿಲ್ಲ. 2014ರಿಂದ ದೇಶದ ಕಲಾ ಶಾಲೆಗಳ ವಿದ್ಯಾರ್ಥಿಗಳಿಗೆ ಬೇರೆಯದೇ ಬಿಯೆನ್ನಾಲೆ ನಡೆಸಿದರು, ಮಾತುಕತೆಗಳನ್ನು ಇಟ್ಟರು. ಊರು ಅದನ್ನು ತನ್ನದು ಅಂದುಕೊಂಡಿತು.

ನಮ್ಮಲ್ಲಿ ಇದಕ್ಕೆ ಬೇಕಾಗಿರುವುದು ಕಟ್ಟಡದ ಹಣದ ಒಂದು ಸಣ್ಣ ಪಾಲು, ಆದರೆ ಪ್ರತಿ ವರ್ಷ ಬೇಕು. ಕಟ್ಟಡಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ. ಮಾತುಕತೆಗೆ ಎರಡೂ ಇಲ್ಲ, ಹಾಗಾಗಿ ಅದಕ್ಕೆ ಅಂದಾಜು ಪಟ್ಟಿಯಲ್ಲಿ ಒಂದು ಸಾಲೂ ಸಿಗುವುದಿಲ್ಲ. ಈ ಸಾಲು ಬರೆಸುವುದೇ ಮೊದಲ ಕೆಲಸ ಅಂತ ನಾನು ನಂಬುತ್ತೇನೆ. ಜೊತೆಗೆ ಹೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ಸಂವಾದ ಇಟ್ಟರೆ ಬರುವವರು ನಿವೃತ್ತರು ಮತ್ತು ಶಾಲೆಯಿಂದ ಕರೆತಂದ ಮಕ್ಕಳು ಮಾತ್ರ. ಜೀನ್ಸ್ ಘಟಕ, ಗಣಿ, ಅಕ್ಕಿ ಗಿರಣಿ, ಹತ್ತಿ ಮಿಲ್ಲು ನಡೆಯುವ ಊರುಗಳಿವು. ವಾರದ ರಜೆಯ ಸಂಜೆ ಇಡಬೇಕು, ತೋರಣಗಲ್ಲಿನಂಥ ಕಡೆಗೆ ಬಸ್ಸು ಬಿಡಬೇಕು. ಸನ್ಮಾನ ಮಾಡಲಿ, ಬೇಡ ಅನ್ನುವುದಿಲ್ಲ, ಸಂವಾದ ಮುಗಿದ ಮೇಲೆ ಮಾಡಲಿ. ಕೇಳಿದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ, ಉತ್ತರ ಸಿಗದೇ ಇದ್ದದ್ದನ್ನು ಮುಂದಿನ ಕಾರ್ಯಕ್ರಮದಲ್ಲಿ ಮೊದಲು ತೆಗೆದುಕೊಳ್ಳಲಿ. ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಜನ ಸಂಗ್ರಹಾಲಯಕ್ಕೆ ಬರಲಿ ಅಂತ ಕಾಯುವ ಬದಲು ನಾಲ್ಕು ಚಿತ್ರ, ಹತ್ತು ಕುರ್ಚಿ, ಮಾತಾಡಲು ಬರುವ ಇಬ್ಬರು ಹುಡುಗಿಯರನ್ನು ಜಾತ್ರೆಗೆ ಕಳಿಸಿ ನೋಡಬಹುದು.

ಕಲಾವಿದರಿಗೂ ಒಂದು ಮಾತು. “ನನ್ನ ಚಿತ್ರ ನಾನು ವಿವರಿಸುವುದಿಲ್ಲ, ನೋಡಿದವರಿಗೆ ಬಿಟ್ಟಿದ್ದು” ಅಂತ ಹೇಳಿ ಎದ್ದು ಹೋಗುವವರಿದ್ದಾರೆ. ನೋಡಿದವರಿಗೆ ಬಿಟ್ಟಿದ್ದರೆ ಅವರು ಏನು ಕಂಡರು ಅಂತ ಕೂತು ಕೇಳಬೇಕಲ್ಲ.

ಆ ನೀಲಿ ನೀರಿನ ಕಲಾವಿದರು ಹಾಗೆ ಮಾಡಲಿಲ್ಲ. ಆ ತಾಯಿಯ ಮಗಳ ಶಾಲೆಯಿಂದ ಮನೆ ಪತ್ತೆ ಮಾಡಿ, ಎರಡು ವಾರ ಬಿಟ್ಟು ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದರು. ಮೊಬೈಲಿನಲ್ಲಿ ಚಿತ್ರ ತೋರಿಸಿ, “ನೀವು ಅವತ್ತು ಕೇಳಿದ್ದು ಸರಿ ಅಕ್ಕ, ಅದು ಜೀನ್ಸ್ ತೊಳೆದ ನೀರೇ” ಅಂದರು. ಆ ತಾಯಿ ನಮ್ಮನ್ನು ಘಟಕದ ಹಿಂದಿನ ಮೋರಿ ಹತ್ತಿರ ಕರೆದುಕೊಂಡು ಹೋದರು. ಮೊಬೈಲನ್ನು ಕೈಗೆ ತಗೊಂಡು, ಒಮ್ಮೆ ಮೋರಿ, ಒಮ್ಮೆ ಚಿತ್ರ ನೋಡಿದರು.

“ನೀವು ಬರೆದಿರೋದು ಕೊನೇ ನೀರು ಸಾರ್. ಬಟ್ಟಿ ಎಲ್ಲಾ ತೊಳೆದು ಆದಮ್ಯಾಲೆ ಹಿಂಗ ತಿಳಿ ಆಕ್ಕತಿ. ಮೊದಲನೇ ನೀರು ಹಿಂಗ ಇರಂಗಿಲ್ಲ. ಮಸಿ ಇದ್ದಂಗ ಇರತೈತಿ. ಅದನ್ನ ನೋಡಬೇಕಂದ್ರ ಮುಂಜಾನಿ ಆರಕ್ಕ ಬರ್ರಿ.”

ಕಲಾವಿದರು ಆರಕ್ಕೆ ಬರುತ್ತೇನೆ ಅಂದರು. ಜೇಬಿನಿಂದ ಪುಸ್ತಕ ತೆಗೆದು, ಮೋರಿ ಕಟ್ಟೆ ಮೇಲೆ ಇಟ್ಟುಕೊಂಡು, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು.